ದನದ ಡಾಕ್ಟರ ದ್ರಾಕ್ಷಾರಸ

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ‘ವೈನ್ಸ್’ ಎಂಬ ಬೋರ್ಡುಗಳನ್ನು ಓದುತ್ತಲೇ ಊರು ತಲುಪಬಹುದು. ದೇವರ ಹೆಸರಿನ ವೈನ್ಸ್, ಊರಿನ ಹೆಸರಿನ ವೈನ್ಸ್, ಮಾಲೀಕನ ಮಗಳ ಹೆಸರಿನ ವೈನ್ಸ್. ಆ ಅಂಗಡಿಗಳಲ್ಲಿ ಸಿಗದೇ ಇರುವ ವಸ್ತು ಒಂದೇ, ವೈನು. ಈ ಸತ್ಯವನ್ನು ಖುದ್ದಾಗಿ ಹೋಗಿ ಕೇಳಿ ತಿಳಿದುಕೊಂಡವರು ನಮ್ಮ ಪಕ್ಕದ ಮನೆಯ ಡಾಕ್ಟರು.

“ವೈನ್ ಇದೆಯೇನಪ್ಪ?” ಎಂದು ಅವರು ಕೇಳಿದರಂತೆ.

“ಇದೇ ವೈನ್ಸ್ ಅಲ್ವಾ ಸಾ. ಏನ್ ಕೊಡ್ಲಿ ಏಳಿ, ಬ್ರಾಂದಿನಾ, ರಮ್ಮಾ?”

“ಅವೆಲ್ಲ ಬೇಡ. ವೈನು. ದ್ರಾಕ್ಷೀದು.”

ಅಂಗಡಿಯವನು ಅತ್ತಿತ್ತ ನೋಡಿ ದನಿ ತಗ್ಗಿಸಿ, “ಮನೇಲಿ ಯಾರಾದ್ರೂ ಬಾಣಂತಿ ಅವ್ರಾ ಸಾ?” ಎಂದನಂತೆ. ಆಮೇಲೆ ಮೇಲಿನ ಅಟ್ಟದಿಂದ ಧೂಳು ಹಿಡಿದ ಒಂದು ಸಿಹಿ ಪೋರ್ಟ್ ವೈನ್ ಬಾಟಲಿ ಇಳಿಸಿ, ಬಟ್ಟೆಯಿಂದ ಒರೆಸಿ, ಪತ್ರಿಕೆಯಲ್ಲಿ ಸುತ್ತಿ ಕೊಟ್ಟನಂತೆ. ಡಾಕ್ಟರು ಅದನ್ನು ಮನೆಗೆ ತಂದು ಒಂದು ಗುಟುಕು ಕುಡಿದು ತೀರ್ಪು ಕೊಟ್ಟರು: “ಹಿಂಡಿ ಜಾಸ್ತಿ ತಿಂದ ಎಮ್ಮೆ. ಮಲಗಿದ ಕಡೆಯಿಂದ ಏಳೋ ಯೋಚನೇನೇ ಇಲ್ಲ.”

ಅವರು ದನದ ಡಾಕ್ಟರು. ಹೆಸರು ಬರೆಯುವುದಿಲ್ಲ. ತಾಲ್ಲೂಕಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ, ಡಾಕ್ಟರೆಂದರೆ ಅವರೊಬ್ಬರೇ. ಮನುಷ್ಯರ ಡಾಕ್ಟರುಗಳು ಬೇಕಾದಷ್ಟು ಜನ ಇದ್ದರು, ಅವರಿಗೆ ಹೆಸರುಗಳು ಬೇಕಾಗಿದ್ದವು. ಹುಟ್ಟೂರು ದುದ್ದದ ಕಡೆ. ಗಿಡ್ಡ ಆಳು, ತೋಳು ಮಾತ್ರ ಉದ್ದ. ಹಸುವಿನ ಹೊಟ್ಟೆಯೊಳಗೆ ಕೈ ಹಾಕಿ ಹಾಕಿ ಉದ್ದವಾಗಿದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಮೊನ್ನೆ ನಿವೃತ್ತರಾಗಿ ಮೈಸೂರಿಗೆ ಮನೆ ಬದಲಾಯಿಸಿದರು. ಈಗ ಭಾನುವಾರ ಸಂಜೆಯಾದರೆ ನಾನೂ ನಮ್ಮ ಮನೆಯವರೂ ಕಾಫಿ ಕುಡಿದು ಸುಮ್ಮನೆ ಮುಖ ನೋಡಿಕೊಂಡು ಕೂರುತ್ತೇವೆ.

ಅವರಿಗೆ ವೈನಿನ ಗೀಳು ಹತ್ತಿದ್ದು ವಿಜಯಪುರದ ಕಡೆ ಯಾವುದೋ ತರಬೇತಿಗೆ ಹೋಗಿದ್ದಾಗ. ಅಲ್ಲಿನ ಒಬ್ಬ ದ್ರಾಕ್ಷಿ ಬೆಳೆಗಾರ ಇವರನ್ನೆಲ್ಲ ವೈನು ಮಾಡುವ ಕಡೆ ಕರೆದುಕೊಂಡು ಹೋಗಿ, ಒಂದೊಂದು ಗಾಜಿನ ಲೋಟ ಕೊಟ್ಟು, “ಇದರಲ್ಲಿ ಬ್ಲ್ಯಾಕ್‌ಬೆರಿ ಇದೆ, ಚೆರಿ ಇದೆ, ಓಕ್ ಮರದ ಘಮ ಇದೆ, ಗೊತ್ತಾಯಿತೆ?” ಎಂದು ಕೇಳಿದನಂತೆ. ಉಳಿದವರೆಲ್ಲ ತಲೆಯಾಡಿಸಿದರು. ನಮ್ಮ ಡಾಕ್ಟರು ಮಾತ್ರ, “ನಾನು ಕಂಡೇ ಇಲ್ಲದ ಹಣ್ಣಿನ ಹೆಸರು ಹೇಳಿ ನನ್ನ ನಾಲಗೆಗೆ ಅವಮಾನ ಮಾಡಬೇಡಿ. ಇದು ನಮ್ಮ ಹಳ್ಳಿಕಾರ್ ಹೋರಿ. ಮೊದಲು ಗುರಾಯಿಸ್ತು, ಈಗ ಹೆಗಲು ಕೊಡ್ತಾ ಇದೆ” ಎಂದರಂತೆ. ಬೆಳೆಗಾರ ಒಂದು ಕ್ಷಣ ಯೋಚಿಸಿ, ಇನ್ನೊಂದು ಗುಟುಕು ತಾನೂ ಕುಡಿದು ನೋಡಿ, “ಖರೇ ಅದ” ಎಂದನಂತೆ. ಇದರಲ್ಲಿ ಎಷ್ಟು ನಿಜವೋ ತಿಳಿಯದು. ಹೇಳಿದ್ದು ಡಾಕ್ಟರೇ.

ಅಂದಿನಿಂದ ಮೈಸೂರಿಗೆ ಹೋದಾಗಲೆಲ್ಲ ಒಂದು ಬಾಟಲಿ ಬರುತ್ತಿತ್ತು. ಭಾನುವಾರ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅವರ ಜಗಲಿಯಲ್ಲಿ ನಾವು ನಾಲ್ಕು ಜನ ಸೇರುತ್ತಿದ್ದೆವು: ಡಾಕ್ಟರು, ಅವರ ಹೆಂಡತಿ, ನಾನು, ನಮ್ಮ ಮನೆಯವರು. ನಾನು ಭಾರತೀನಗರದ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುವವಳು. ನಮ್ಮ ಮನೆಯವರದು ಔಷಧಿ ಅಂಗಡಿ, ಅವರು ಕಾಫಿ ಬಿಟ್ಟು ಬೇರೇನನ್ನೂ ಮುಟ್ಟುವವರಲ್ಲ. ವಡೆಗೋಸ್ಕರ ಬರುತ್ತಿದ್ದರು. ಡಾಕ್ಟರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನ ತವರು ಮದ್ದೂರು, ತಂದೆಯದು ದಿನಸಿ ಅಂಗಡಿ. ಮದ್ದೂರಿನವಳು ಮಾಡಿದ ವಡೆಯ ಬಗ್ಗೆ ನಾನು ಹೊಸದಾಗಿ ಹೇಳುವುದೇನೂ ಇಲ್ಲ.

ವೈನು ಬರುತ್ತಿದ್ದದ್ದು ಸ್ಟೀಲ್ ಲೋಟದಲ್ಲಿ, ಅರ್ಧ ಲೋಟ. ಗೇಟಿನಿಂದ ನೋಡಿದವರಿಗೆ ಮಜ್ಜಿಗೆಯಂತೆ ಕಾಣಲಿ ಎಂದು. ಡಾಕ್ಟರ ಕಟ್ಟಳೆ ಎರಡು. ಮೂಗಿನ ಮಾತು ಮೊದಲು, ನಾಲಗೆಯ ಮಾತು ಆಮೇಲೆ. ಇನ್ನೊಂದು, ಯಾರೂ ‘ಚೆನ್ನಾಗಿದೆ’ ಎನ್ನಕೂಡದು. “ಚೆನ್ನಾಗಿದೆ ಅನ್ನೋದು ಅಭಿಪ್ರಾಯ ಅಲ್ಲ ಕಣಮ್ಮ, ತಪ್ಪಿಸಿಕೊಳ್ಳೋ ದಾರಿ. ರೈತ ಬಂದು ‘ಹಸು ಚೆನ್ನಾಗಿಲ್ಲ’ ಅಂದ್ರೆ ನಾನೇನು ಔಷಧಿ ಕೊಡ್ಲಿ? ಏನಾಗಿದೆ ಹೇಳ್ಬೇಕು.”

ಅವರು ಹೇಳುತ್ತಿದ್ದರು. ತೆಳ್ಳಗಿನ ಬಿಳಿ ವೈನೊಂದನ್ನು ಕುಡಿದು, “ಈಗ ತಾನೇ ಹುಟ್ಟಿದ ಕರು. ಇನ್ನೂ ಕಾಲು ನಿಂತಿಲ್ಲ” ಎಂದರು. ಗುಲಾಬಿ ಬಣ್ಣದ್ದಕ್ಕೆ, “ಜೆರ್ಸಿ ಕ್ರಾಸು. ನೋಡೋಕೆ ಲಕ್ಷಣ, ಬಿಸಿಲು ತಡೆಯಲ್ಲ.” ಒಂದು ಸಲ ನೊರೆ ಉಕ್ಕುವ ವೈನು ತಂದಿದ್ದರು. ಮುಚ್ಚಳ ಹಾರಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. “ಹಗ್ಗ ಕಿತ್ತ ಮೇಕೆ. ಬಾಯಲ್ಲಿ ನಿಲ್ಲೋದೇ ಇಲ್ಲ, ಆಗಲೇ ಪಕ್ಕದ ಹೊಲಕ್ಕೆ ಹೋಯ್ತು.” ಅವರ ಸೋದರಳಿಯ ಯಾವುದೋ ದೇಶದಿಂದ ಬಲು ದುಬಾರಿಯ ಬಾಟಲಿ ತಂದುಕೊಟ್ಟಾಗ ನಾವೆಲ್ಲ ಗಂಭೀರವಾಗಿ ಕೂತಿದ್ದೆವು. ಡಾಕ್ಟರು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ಹೇಳಿದರು: “ಸಂತೆಗೆ ಹೊಡ್ಕೊಂಡು ಬಂದಿರೋ ದನ. ಕೊಂಬಿಗೆ ಬಣ್ಣ ಹಚ್ಚಿದ್ದಾರೆ, ಕೊರಳಿಗೆ ಗೆಜ್ಜೆ ಕಟ್ಟಿದ್ದಾರೆ. ಬಾಯಿ ಬಿಡಿಸಿ ನೋಡಿದ್ರೆ ಉಳಿದಿರೋದು ಎರಡೇ ಹಲ್ಲು.”

ನನಗೆ ಮೊದಮೊದಲು ಮಾತೇ ಹೊರಡುತ್ತಿರಲಿಲ್ಲ. ಒಂದು ಭಾನುವಾರ ಧೈರ್ಯ ಮಾಡಿ, “ಮಳೆಯಲ್ಲಿ ನೆನೆದ ಸೀಮೆಸುಣ್ಣದ ಡಬ್ಬ” ಎಂದೆ. ಡಾಕ್ಟರು ಎದ್ದು ನಿಂತು ನನ್ನ ಲೋಟಕ್ಕೆ ಇನ್ನಷ್ಟು ಸುರಿದರು.

ಅಕ್ಕನದು ಮಾತ್ರ ಎರಡೇ ಮಾತು. ಯಾವ ವೈನು ಕೊಟ್ಟರೂ ಒಂದು ಗುಟುಕು ಕುಡಿದು, “ಪರವಾಗಿಲ್ಲ” ಎನ್ನುವಳು, ಇಲ್ಲವೆ “ಸಕ್ಕರೆ ಸಾಲದು” ಎನ್ನುವಳು. ಲೋಟ ಕೆಳಗಿಟ್ಟು ವಡೆಯ ತಟ್ಟೆ ತರಲು ಒಳಗೆ ಹೋಗುವಳು. ಮಗಳ ಮದುವೆಯಾದ ಮೇಲೆ ಅಕ್ಕ ಮನೆಯಿಂದ ಆಚೆ ಬರುವುದೇ ಕಡಿಮೆಯಾಗಿತ್ತು. ಬೆಳಿಗ್ಗೆ ಅಡುಗೆ, ಮಧ್ಯಾಹ್ನ ಟಿ.ವಿ., ಸಂಜೆ ಬಾಗಿಲಿಗೆ ದೀಪ. ದನದ ಡಾಕ್ಟರ ಹೆಂಡತಿಯಾಗಿ ಅಷ್ಟು ವರ್ಷ ಬಾಳಿದರೂ ಒಂದು ಕೊಟ್ಟಿಗೆಯ ಹೊಸಿಲು ದಾಟಿದವಳಲ್ಲ. ಗಂಡ ಮನೆಗೆ ಬಂದರೆ ಹಿತ್ತಲಲ್ಲೇ ಬಟ್ಟೆ ಬಿಚ್ಚಿಸಿ, ಬಿಸಿನೀರು ಹೊಯ್ದುಕೊಂಡ ಮೇಲೆಯೇ ಒಳಗೆ ಬಿಡುತ್ತಿದ್ದಳು.

ಕೊರೊನಾದ ಎರಡನೆಯ ಅಲೆಯಲ್ಲಿ ಗಂಡಹೆಂಡತಿ ಇಬ್ಬರಿಗೂ ಜ್ವರ ಬಂತು. ನಾವು ಕಾಂಪೌಂಡಿನ ಮೇಲೆ ಗಂಜಿಯ ಪಾತ್ರೆ ಇಟ್ಟು ಬರುತ್ತಿದ್ದೆವು. ಇಬ್ಬರೂ ಹುಷಾರಾದರು. ಆಷಾಢದ ಹೊತ್ತಿಗೆ ಭಾನುವಾರಗಳು ಮತ್ತೆ ಶುರುವಾದವು. ಮೈಸೂರಿಗೆ ಹೋಗುವಂತಿರಲಿಲ್ಲವಾದ್ದರಿಂದ ಡಾಕ್ಟರು ಬೇಸಿಗೆಯಿಡೀ ಅಟ್ಟದ ಮೇಲಿದ್ದ ಒಂದು ಬಾಟಲಿ ಇಳಿಸಿ ತೆಗೆದರು. ಎಂದಿನಂತೆ ಲೋಟಕ್ಕೆ ಮೂಗಿಟ್ಟು ಕಣ್ಣು ಮುಚ್ಚಿದರು.

“ಬನ್ನೂರು ಕುರಿ ಕಣಮ್ಮ” ಎಂದರು. “ಕಾಲು ಗಿಡ್ಡ, ಮೈ ತುಂಬಿದೆ. ಎಲ್ಲಿ ಮುಟ್ಟಿದರೂ ಮೆತ್ತಗೆ.”

ಅಷ್ಟರಲ್ಲಿ ದೂರದ ಕುರ್ಚಿಯಲ್ಲಿ ಕೂತು ವಡೆ ತಿನ್ನುತ್ತಿದ್ದ ನಮ್ಮ ಮನೆಯವರು, “ಏನೋ ಹುಳಿ ವಾಸನೆ ಬರ್ತಾ ಇದೆಯಲ್ಲ, ಒಳಗೆ ದೋಸೆ ಹಿಟ್ಟು ಉಕ್ಕಿದೆಯಾ ನೋಡಿ” ಎಂದರು.

ನಾನು ಲೋಟ ಮೂಗಿನ ಹತ್ತಿರ ತಂದೆ. ಉಪ್ಪಿನಕಾಯಿ ಜಾಡಿ ತೊಳೆದ ನೀರು. ಬಾಟಲಿ ಸೆಕೆಗೆ ಕೆಟ್ಟು ಪೂರ್ತಿ ಹುಳಿಯಾಗಿತ್ತು. ಡಾಕ್ಟರು ಆಗ ಒಂದು ಗುಟುಕು ಕುಡಿದರು. ಮುಖ ಕಿವುಚಿದರು. ಲೋಟ ನಿಧಾನವಾಗಿ ಕೆಳಗಿಟ್ಟರು. ಅಕ್ಕ ಅವರನ್ನೇ ನೋಡುತ್ತಿದ್ದಳು.

“ಜ್ವರ ಬಿಟ್ಟಾಗಿಂದ ಹಿಂಗೇ” ಎಂದರು ಡಾಕ್ಟರು. “ಹುಳಿ, ಉಪ್ಪು ನಾಲಗೆಗೆ ಗೊತ್ತಾಗುತ್ತೆ. ಮೂಗಿಗೆ ಬೀಗ ಬಿದ್ದಿದೆ.”

“ದಿನಾ ಸಾರು ಬಡಿಸಿದಾಗ ಘಮಘಮ ಅಂತಿದ್ರಲ್ರೀ?”

“ಅಂದೆ. ನೀನು ಬೇಜಾರು ಮಾಡ್ಕೋತೀಯ ಅಂತ.”

ಅಕ್ಕ ವಡೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಡಾಕ್ಟರೇ ಮುಂದುವರಿಸಿದರು. “ವೈನ್ ಹೋದ್ರೆ ಹೋಗ್ಲಿ. ಹೋದ ವಾರ ಒಂದು ಹಸು ಕೈ ತಪ್ಪೋದ್ರಲ್ಲಿತ್ತು. ಕರು ಹಾಕಿ ಹದಿನೈದು ದಿನ ಆಗಿತ್ತು, ಮೇವು ಬಿಟ್ಟಿತ್ತು. ಅಜೀರ್ಣ ಅಂತ ಔಷಧಿ ಕೊಟ್ಟು ಬಂದೆ. ಮಾರನೇ ದಿನ ನಿಲ್ಲೋಕೆ ಆಗದೆ ತೂರಾಡ್ತಾ ಇತ್ತು. ಹಾಲು ಜಾಸ್ತಿ ಕೊಡೋ ಹಸುಗೆ ಮೈಯಲ್ಲಿ ಸಕ್ಕರೆ ಇಳಿದುಹೋದ್ರೆ ಉಸಿರು ಹಣ್ಣಿನ ವಾಸನೆ ಬರುತ್ತೆ. ಇಷ್ಟು ವರ್ಷ ಕೊಟ್ಟಿಗೆ ಬಾಗಿಲಲ್ಲೇ ಹಿಡೀತಿದ್ದೆ ಅದನ್ನ. ಈಗ ಹಸು ಬಾಯಿ ತೆಗೆದ್ರೆ ಗೋಡೆ ಬಾಯಿ ತೆಗೆದ ಹಾಗೆ. ಉಚ್ಚೆ ಪರೀಕ್ಷೆ ಮಾಡೋ ಪಟ್ಟಿ ಇದೆ, ಆದ್ರೆ ಅನುಮಾನ ಬಂದ್ರೆ ತಾನೇ ಪರೀಕ್ಷೆ ಮಾಡೋದು? ಆಫೀಸ್ ಕೆಲಸ ಕೊಡಿ ಅಂತ ಬರೆದುಕೊಡೋಣ ಅಂತಿದ್ದೀನಿ.”

ಹಸು ಕಾಣದೆ ಬರೀ ಫೈಲು ನೋಡಿಕೊಂಡು ಕೂರುವ ಡಾಕ್ಟರನ್ನು ನನಗೆ ಊಹಿಸಲೂ ಆಗಲಿಲ್ಲ. ನಮ್ಮ ಮನೆಯವರು ವಡೆ ತಿನ್ನುವುದನ್ನು ನಿಲ್ಲಿಸಿದ್ದರು.

“ನಾನು ಬರ್ತೀನಿ, ನಡೀರಿ” ಎಂದಳು ಅಕ್ಕ.

“ಎಲ್ಲಿಗೆ?”

“ಕೊಟ್ಟಿಗೆಗೆ. ನಿಮ್ಮ ಮೂಗಿಗೆ ಬೀಗ ಬಿದ್ದಿದ್ರೆ ನನ್ನದು ತೆಗೆದೇ ಇದೆಯಲ್ಲ.”

ಡಾಕ್ಟರು ನಕ್ಕರು. ಅಕ್ಕ ನಗಲಿಲ್ಲ. ಮಾರನೆಯ ಬೆಳಿಗ್ಗೆ ಹಳೇ ಸೀರೆಯುಟ್ಟು, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಸ್ಕೂಟರಿನ ಹಿಂದೆ ಕೂತೇಬಿಟ್ಟಳು.

ಮೊದಲ ವಾರ ಏನೇನಾಯಿತೋ ನಾನು ನೋಡಲಿಲ್ಲ. ಒಂದು ಕಡೆ ವಾಂತಿ ಮಾಡಿಕೊಂಡಳೆಂದೂ, ಇನ್ನೊಂದು ಕಡೆ ಎಮ್ಮೆ ಸೆರಗು ಅಗಿದುಹಾಕಿತೆಂದೂ ಅವಳೇ ಹೇಳಿದಳು. ನಾನು ಕಣ್ಣಾರೆ ಕಂಡದ್ದು ನಮ್ಮ ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮನ ಊರು ಮಳವಳ್ಳಿಗೆ ಹತ್ತಿರ, ಡೇರಿಗೆ ಹಾಲು ಹಾಕಿಯೇ ಅವಳ ಸಂಸಾರ ನಡೆಯುವುದು. ಅವಳು ಗಾಬರಿಯಾಗಿ ಫೋನು ಮಾಡಿದಾಗ ನಾನೂ ಡಾಕ್ಟರ ಸ್ಕೂಟರಿನ ಹಿಂದೆಯೇ ಬಸ್ಸು ಹತ್ತಿ ಹೋದೆ.

“ಎರಡ್ ದಿನಾಯ್ತು ಸಾ, ಉಲ್ಲೂ ಮುಟ್ಟಾಕಿಲ್ಲ, ಇಂಡೀನೂ ಮುಟ್ಟಾಕಿಲ್ಲ” ಎಂದಳು ಚಿಕ್ಕಮ್ಮ. “ಆಲು ಅರ್ಧಕ್ಕೆ ಇಳ್ದೋಗದೆ. ಸುಮ್ನೆ ಗ್ವಾಡೆ ನೆಕ್ಕತದೆ.”

ಡಾಕ್ಟರು ಹಸುವಿನ ಮೂಗುದಾರ ಹಿಡಿದು ಬಾಯಿ ಬಿಡಿಸಿದರು. ಊರೆಲ್ಲ ಮಾಸ್ಕ್ ಹಾಕಿಕೊಂಡು ಒಬ್ಬರ ಹತ್ತಿರ ಒಬ್ಬರು ಹೋಗದ ಕಾಲ ಅದು. ಅಕ್ಕ ಮಾಸ್ಕ್ ಕೆಳಗಿಳಿಸಿ ಹಸುವಿನ ಬಾಯಿಯ ಹತ್ತಿರ ಮುಖ ತಂದಳು. ಕಣ್ಣು ಮುಚ್ಚಿದಳು.

“ಕೆಟ್ಟ ವಾಸನೆ ಅನ್ನಬೇಡ. ಏನಿದೆ ಹೇಳು” ಎಂದರು ಡಾಕ್ಟರು, ಜಗಲಿಯ ಅದೇ ದನಿಯಲ್ಲಿ.

“ಮೊದಲು ಬಾಳೆಹಣ್ಣು. ಗೊನೆ ಮಾಗಿ ಮಾಗಿ ನೀರೊಡೆದಿದೆ. ಅಪ್ಪನ ಅಂಗಡೀಲಿ ಮಾರದೆ ಉಳಿದ ಗೊನೆ ಹಿಂಗೇ ನಾರೋದು.”

“ಅದರ ಹಿಂದೆ?”

“ಅದರ ಹಿಂದೆ... ಮಗಳು ಉಗುರಿನ ಬಣ್ಣ ಒರೆಸೋಕೆ ಒಂದು ಶೀಷೆ ಇಟ್ಕೊಂಡಿದ್ದಳಲ್ಲ, ಅದು. ಮೂಗಿಗೆ ಚುಚ್ಚುತ್ತೆ.”

“ಕೊನೇಲಿ?”

“ಕೊನೇಲಿ ಸಗಣಿ ಕಣ್ರೀ. ಅದು ಎಲ್ಲಾ ಕಡೆ ಇದೆ.”

ಚಿಕ್ಕಮ್ಮ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು: “ಇದೇನವ್ವಾ, ಡಾಕ್ಟ್ರಮ್ಮ ಕಣ್ ಮುಚ್ಕಂಡು ಮಂತ್ರ ಏಳ್ತಾವ್ರಾ?”

“ಇಲ್ಲ ಚಿಕ್ಕಮ್ಮ, ವಾಸನೆ ಯಾವುದು ಅಂತ ಹೇಳ್ತಾ ಇದ್ದಾರೆ.”

“ದನದ ಬಾಯಿದಾ? ಅದ್ಕೂ ಒಬ್ರು ಬೇಕಾ?”

ಡಾಕ್ಟರು ಆಗಲೇ ಚೀಲದಿಂದ ಪಟ್ಟಿ ತೆಗೆದು ಉಚ್ಚೆ ಪರೀಕ್ಷೆ ಮಾಡುತ್ತಿದ್ದರು. ಪಟ್ಟಿ ನೇರಳೆ ಬಣ್ಣಕ್ಕೆ ತಿರುಗಿತು. ಅದನ್ನು ಬೆಳಕಿಗೆ ಹಿಡಿದು, ಹೆಂಡತಿಯ ಮುಖ ನೋಡಿ, “ಈ ಹಸುಗೆ ಏನಾಗಿದೆ ಅಂತ ಒಂದು ಮಾತಲ್ಲಿ ಹೇಳಲಾ?” ಎಂದರು. “ಸಕ್ಕರೆ ಸಾಲದು.”

ಅಕ್ಕ ಮೊದಲು ಅರ್ಥವಾಗದೆ ನಿಂತಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೊಟ್ಟಿಗೆಯ ಕಂಬ ಹಿಡಿದು ನಕ್ಕಳು. ಡಾಕ್ಟರು ಗ್ಲೂಕೋಸ್ ಬಾಟಲಿ ತೂಗುಹಾಕಿ ಹಸುವಿನ ಕತ್ತಿಗೆ ಸೂಜಿ ಚುಚ್ಚಿದರು. “ಇಷ್ಟು ವರ್ಷ ವೈನಿಗೆ ಹೇಳ್ತಿದ್ದಳು ನೋಡಮ್ಮ. ವಿಳಾಸ ತಪ್ಪಿತ್ತು ಅಷ್ಟೇ” ಎಂದು ನನಗೆ ಹೇಳಿದರು. ಎರಡು ದಿನದಲ್ಲಿ ಹಸು ಎದ್ದು ಮೇವು ತಿಂದಿತು. ಆಫೀಸ್ ಕೆಲಸದ ಮಾತು ಮತ್ತೆ ಬರಲಿಲ್ಲ.

ಆಮೇಲೆ ಊರೂರಿನಲ್ಲಿ ಮಾತಾಯಿತು. ಫೋನು ಮಾಡಿದವರು ಮೊದಲು ಕೇಳುತ್ತಿದ್ದದ್ದೇ, “ಅಮ್ಮಾವ್ರೂ ಬತ್ತಾರಾ ಸಾ?” ಅಕ್ಕನಿಗೆ ಒಂದೊಂದು ಹಸುವಿನ ಹೆಸರೂ ಅದರ ತಾಯಿಯ ಹೆಸರೂ ಬಾಯಿಗೆ ಬಂತು. ಸ್ಕೂಟರಿನಲ್ಲಿ ಹೋಗುವಾಗ ದಾರಿಯಲ್ಲಿ ಕೈಯೆತ್ತಿದವರಿಗೆಲ್ಲ ಅವಳೇ ಉತ್ತರ ಕೊಡುತ್ತಿದ್ದಳು. “ಏನ್ಲಾ, ಕರೂಗೆ ಜಂತುಹುಳದ ಔಷ್ದಿ ಆಕಿಸ್ದಾ?” ಎಂದು ಅವಳು ಕೂಗಿದ್ದನ್ನು ನಾನು ಬಸ್ಸಿನ ಕಿಟಕಿಯಿಂದ ಕೇಳಿ, ನಮ್ಮ ಅಕ್ಕನೇ ಹೌದೋ ಎಂದು ತಿರುಗಿ ನೋಡಿದ್ದೇನೆ. ಹಿತ್ತಲಲ್ಲಿ ಬಿಸಿನೀರು ಈಗ ಇಬ್ಬರಿಗೂ ಕಾಯುತ್ತಿತ್ತು.

ಭಾನುವಾರಗಳ ಲಯವೂ ಬದಲಾಯಿತು. ಈಗ ಅಕ್ಕ ಹೇಳುವುದು, ಡಾಕ್ಟರು ಕೇಳುವುದು. ಅವಳ ಮಾತೆಲ್ಲ ಅಪ್ಪನ ಅಂಗಡಿಯಿಂದ ಬರುತ್ತಿತ್ತು. “ಧನಿಯಾ ಮೂಟೆ ಹಿಂದೆ ಯಾರೋ ಬೆಲ್ಲ ಬಚ್ಚಿಟ್ಟಿದ್ದಾರೆ” ಎಂದು ಒಂದು ಕೆಂಪು ವೈನಿಗೆ. “ಸೋಮವಾರ ಬೆಳಿಗ್ಗೆ ಷಟರ್ ಎತ್ತಿದ ಹಾಗಿದೆ. ಗೋಣಿ, ಹುಣಸೆ, ಒಂದು ಇಲಿ” ಎಂದು ಇನ್ನೊಂದಕ್ಕೆ. ಡಾಕ್ಟರು ಅದನ್ನು ದನಕ್ಕೆ ಹೊಂದಿಸಲು ಹೊರಟರೆ ಜಗಳವಾಗುತ್ತಿತ್ತು.

“ಹಾಗಾದ್ರೆ ಇದು ಮುದಿ ಎತ್ತು.”

“ಎತ್ತಲ್ಲ ಅಂತ ಹೇಳ್ಲಿಲ್ವಾ? ಇದು ಹುಣಸೆಹಣ್ಣು. ಮೂಗು ಯಾರದು, ನಿಮ್ಮದಾ ನನ್ನದಾ?”

ಅದಾಗಿ ಒಂದು ವರ್ಷವೋ ಇನ್ನೂ ಹೆಚ್ಚೋ ಆಗಿತ್ತು. ಒಂದು ಬೆಳಿಗ್ಗೆ ನಾನು ಒಲೆಯ ಮೇಲೆ ಹಾಲಿಟ್ಟು ಉತ್ತರ ಪತ್ರಿಕೆ ತಿದ್ದುತ್ತ ಮೈಮರೆತಿದ್ದೆ. ಕಾಂಪೌಂಡಿನ ಆಚೆ ಸ್ಕೂಟರ್ ಒರೆಸುತ್ತಿದ್ದ ಡಾಕ್ಟರು, “ಅಮ್ಮಾ, ನಿಮ್ಮನೆ ಹಾಲು ಸೀದುಹೋಯ್ತು ನೋಡು” ಎಂದು ಕೂಗಿದರು. ನಾನು ಓಡಿಹೋಗಿ ಒಲೆ ಆರಿಸಿ ಪಾತ್ರೆ ಇಳಿಸಿದೆ. ಇಳಿಸಿದ ಮೇಲೆ ಹೊಳೆಯಿತು. ಹಿತ್ತಲಿಗೆ ಬಂದು ನೋಡಿದರೆ ಡಾಕ್ಟರು ಒರೆಸುವ ಬಟ್ಟೆ ಹಿಡಿದುಕೊಂಡು ಹಾಗೇ ನಿಂತಿದ್ದರು.

“ಯಾವಾಗಿಂದ ಸರ್?” ಎಂದೆ.

ಅವರು ಬೆರಳು ತುಟಿಯ ಮೇಲಿಟ್ಟರು. ಕಾಂಪೌಂಡಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಮೂರ್ನಾಲ್ಕು ತಿಂಗಳಾಯ್ತು. ಮೊದಲು ಸೀಮೆಎಣ್ಣೆ, ಆಮೇಲೆ ಸಗಣಿ, ಆಮೇಲೆ ಒಂದೊಂದಾಗಿ ಎಲ್ಲಾ ಬಂತು. ಅವಳಿಗೆ ಹೇಳ್ಬೇಡಮ್ಮ. ಹೇಳಿದ್ರೆ ‘ಸರಿ, ನಿಮ್ಮ ಮೂಗು ನಿಮಗೆ ಬಂತಲ್ಲ’ ಅಂತ ನಾಳೆಯಿಂದ ಮನೇಲಿ ಕೂತುಬಿಡ್ತಾಳೆ. ನೋಡಿದ್ದೀಯಲ್ಲ, ಹೇಗಿದ್ದಳು, ಈಗ ಹೇಗಿದ್ದಾಳೆ.”

“ಮತ್ತೆ ಹಸು ಬಾಯಿ ನೋಡುವಾಗ?”

“ಅವಳು ಹೇಳೋವರೆಗೂ ಉಸಿರು ಬಿಗಿ ಹಿಡ್ಕೊಂಡಿರ್ತೀನಿ” ಎಂದರು ಡಾಕ್ಟರು. “ಒಂದು ಸಲವೂ ತಪ್ಪು ಹೇಳಿಲ್ಲ ಕಣಮ್ಮ.”

ನಿವೃತ್ತಿಯ ಬೀಳ್ಕೊಡುಗೆ ಅವರ ಆಸ್ಪತ್ರೆಯ ಅಂಗಳದಲ್ಲೇ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಅಧಿಕಾರಿಗಳು ಡಾಕ್ಟರ ಸೇವೆಯನ್ನು ಕೊಂಡಾಡಿ ಮಾತಾಡಿದರು. ರೈತರ ಪರವಾಗಿ ಯಾರಾದರೂ ಮಾತಾಡಿ ಎಂದಾಗ ಗಂಡಸರೆಲ್ಲ ಒಬ್ಬರನ್ನೊಬ್ಬರು ತಳ್ಳಿಕೊಂಡರು. ನಮ್ಮ ಚಿಕ್ಕಮ್ಮ ಎದ್ದು ಹೋಗಿ ಮೈಕು ಹಿಡಿದಳು.

“ಡಾಕ್ಟ್ರು ಸರ್ಕಾರದೋರು. ಅವ್ರು ಓಯ್ತಾರೆ, ಇನ್ನೊಬ್ರು ಬತ್ತಾರೆ” ಎಂದಳು. “ಅಮ್ಮಾವ್ರನ್ನ ಮಾತ್ರ ಇಲ್ಲೇ ಬುಟ್ಟೋಗಿ ಸಾ.”

ಚಪ್ಪಾಳೆ ನಿಲ್ಲಲೇ ಇಲ್ಲ. ಡಾಕ್ಟರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅಕ್ಕ ಕೊನೆಯ ಸಾಲಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು, ಕಣ್ಣೊರೆಸಿಕೊಳ್ಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಕಾಣಲಿಲ್ಲ.

ಮನೆ ಖಾಲಿ ಮಾಡುವ ದಿನ ನಾನು ರಜೆ ಹಾಕಿದ್ದೆ. ಡಾಕ್ಟರು ಹೊರಗೆ ಲಾರಿಯವನಿಗೆ ಬೀರು ಹೇಗೆ ಮಲಗಿಸಬೇಕೆಂದು ಹೇಳಿಕೊಡುತ್ತಿದ್ದರು. ಅಕ್ಕನೂ ನಾನೂ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳನ್ನು ಪತ್ರಿಕೆಯಲ್ಲಿ ಸುತ್ತುತ್ತಿದ್ದೆವು. ಅಕ್ಕ ತಲೆಯೆತ್ತದೆ, “ಇವರಿಗೆ ಮೂಗು ಬಂದಿದೆ, ಗೊತ್ತಾ?” ಎಂದಳು.

“ಹೌದಾ ಅಕ್ಕ? ನಿನಗೆ ಹೇಗೆ ಗೊತ್ತಾಯ್ತು?”

“ಹೋದ ವರ್ಷ ಯಾರೋ ಸಂಪಿಗೆ ಹೂವು ಕೊಟ್ಟಿದ್ದರು. ಮುಡಿದಿರಲಿಲ್ಲ, ಸೆರಗಿನ ತುದೀಲಿ ಗಂಟು ಹಾಕ್ಕೊಂಡಿದ್ದೆ. ಗೇಟಿನ ಹತ್ತಿರ ಬರೋಷ್ಟರಲ್ಲಿ ‘ಸಂಪಿಗೆ ಎಲ್ಲಿ ಸಿಕ್ತೇ?’ ಅಂದ್ರು. ಅಂದವರು ಸುಮ್ಮನೆ ಕೆಮ್ಮೋಕೆ ಶುರು ಮಾಡಿದ್ರು.”

“ನೀನು ಕೇಳಲಿಲ್ವಾ?”

“ಕೇಳಿದ್ರೆ ಒಪ್ಪಿಕೊಳ್ತಿದ್ರು. ಒಪ್ಪಿಕೊಂಡ ಮೇಲೆ ನನ್ನ ಯಾಕೆ ಕರ್ಕೊಂಡು ಹೋಗ್ತಾರೆ?” ಅಕ್ಕ ಇನ್ನೊಂದು ಲೋಟ ತೆಗೆದುಕೊಂಡಳು. “ನೀನೂ ಸುಮ್ನಿರು. ಮೈಸೂರಲ್ಲಿ ನೋಡೋಕೆ ಹಸು ಇಲ್ಲ. ವಾಕಿಂಗಿಗಾದರೂ ಕರ್ಕೊಂಡು ಹೋಗಿ ಬೇಕರಿ ಮುಂದೆ ನಿಂತು ‘ಏನು ವಾಸನೆ’ ಅಂತ ಕೇಳ್ಲಿ.”

ನಾನು ಲೋಟ ಸುತ್ತುವುದರಲ್ಲಿ ಮುಳುಗಿದೆ. ಇಬ್ಬರಿಗೂ ಮಾತು ಕೊಟ್ಟಾಗಿತ್ತು.

ಲಾರಿ ತುಂಬುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಮೂವರೂ ಗೇಟಿನ ಹೊರಗೆ ನಿಂತಿದ್ದೆವು. ಊರಾಚೆಯ ಆಲೆಮನೆಯ ಕಡೆಯಿಂದ ಒಂದು ಗಾಳಿ ಬೀಸಿ, ಕುದಿಯುವ ಕಬ್ಬಿನ ಹಾಲಿನ ವಾಸನೆ ಬೀದಿಯನ್ನೆಲ್ಲ ತುಂಬಿತು.

“ಏನೋ ಗಾಳಿ ಬಂದ ಹಾಗಾಯ್ತಲ್ಲ” ಎಂದರು ಡಾಕ್ಟರು. “ಏನಾದ್ರೂ ವಾಸನೆ ಬರ್ತಾ ಇದೆಯೇನೇ?”

ಅಕ್ಕ ಕಣ್ಣು ಮುಚ್ಚಿದಳು. “ಬೆಲ್ಲ. ಇನ್ನೂ ಪಾಕ ಬಂದಿಲ್ಲ, ನೊರೆ ಮೇಲಿದೆ. ಅದರ ಹಿಂದೆ ಸಿಪ್ಪೆ ಉರಿಯೋ ಹೊಗೆ. ಕೊಪ್ಪರಿಗೆ ತಳ ಒಂದು ಕಡೆ ಸ್ವಲ್ಪ ಹಿಡಿದಿದೆ...”

ಅವಳು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. ಡಾಕ್ಟರು ಮೂಗು ಅರಳಿಸಿ ಎದೆ ತುಂಬ ಒಂದು ಉಸಿರು ಎಳೆದುಕೊಂಡರು. ನಾನು ನೋಡುತ್ತಿರುವುದು ಕಂಡು, ಬೇಗ ಮುಖ ಸಪ್ಪಗೆ ಮಾಡಿಕೊಂಡು ಅವಳ ಕಡೆ ತಿರುಗಿ, “ಆಮೇಲೆ?” ಎಂದರು.